ಕಾಸರಗೋಡಿನ ಸರ್ವರಿನಲ್ಲಿ ಮಾಸ್ಟೊಡಾನ್: ದೂರುಗಳ ಪುಟದಿಂದ ಕಂಡಂತೆ

ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ನಡೆಸುವುದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದನ್ನು ಸ್ಥಾಪಿಸುವ ಕ್ರಮವನ್ನು ಹಂತಹಂತವಾಗಿ ವಿವರಿಸಿ ಅಲ್ಲಿಗೇ ಮುಗಿಸುತ್ತಾರೆ. ಸ್ಥಾಪನೆ ಒಂದು ಸಂಜೆಯ ಕೆಲಸ. ಆಮೇಲೆ ದಿನವೂ ತೆರೆದು ನೋಡಬೇಕಾದದ್ದು ಬರಹಗಳ ಮೇಲೆ ಬರುವ ದೂರುಗಳ ಪುಟ. ಒಂದು ಬಳಗ ಈ ತಂತ್ರಾಂಶವನ್ನು ಆರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಆ ಪುಟದ ಮುಂದೆ ಕುಳಿತು ತೀರ್ಮಾನಿಸಬೇಕೆಂಬುದು ನನ್ನ ಅಭಿಪ್ರಾಯ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರ ಒಂದು ಸಣ್ಣ ಬಳಗಕ್ಕಾಗಿ ನಾವು ಕೆಲವರು ಇಂಥದ್ದೊಂದು ಸರ್ವರನ್ನು ನಡೆಸುತ್ತಿದ್ದೇವೆ. ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು, ವೇಷವಿಲ್ಲದ ಯಕ್ಷಗಾನ ಕೂಟವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತು (ಅರ್ಥ) ಹೇಳುವ ಹವ್ಯಾಸಿ ಅರ್ಥಧಾರಿಗಳು, ಅಡಿಕೆ ಕೃಷಿಕರು, ಊರು ಬಿಟ್ಟು ಬೆಂಗಳೂರಿಗೋ ಗಲ್ಫಿಗೋ ಹೋದವರು ಅದರಲ್ಲಿದ್ದಾರೆ. ಈ ಬರಹ ಆ ಸರ್ವರಿನ ಮಾಡರೇಟರ್, ಅಂದರೆ ದೂರುಗಳನ್ನು ನೋಡಿ ತೀರ್ಮಾನಿಸುವವರ, ಕುರ್ಚಿಯಿಂದ ಮಾಡಿದ ಪರಾಮರ್ಶೆ.

ತಿಳಿಯದವರಿಗಾಗಿ ಎರಡು ಮಾತು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್ ನೋಡಲು ಹಳೆಯ ಟ್ವಿಟರಿನಂತೆಯೇ ಇದೆ, ಆದರೆ ಅದಕ್ಕೆ ಒಬ್ಬ ಯಜಮಾನನಿಲ್ಲ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಅದನ್ನು ಹಾಕಿಕೊಳ್ಳಬಹುದು. ಬೇರೆ ಬೇರೆ ಸರ್ವರುಗಳು ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಯ ಮೂಲಕ ಪರಸ್ಪರ ಮಾತಾಡುತ್ತವೆ. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಒಂದು ಕಂಪೆನಿಯ ಇಮೇಲ್ ಇರುವವರು ಇನ್ನೊಂದು ಕಂಪೆನಿಯ ಇಮೇಲ್ ಇರುವವರಿಗೆ ಪತ್ರ ಬರೆದಂತೆಯೇ, ಮುಳ್ಳೇರಿಯದವರೊಬ್ಬರು ನಮ್ಮ ಸರ್ವರಿನಲ್ಲಿದ್ದುಕೊಂಡೇ ಬರ್ಲಿನ್ನಿನ ಸರ್ವರಿನವರೊಬ್ಬರ ಬರಹಗಳನ್ನು ಓದಿ ಉತ್ತರಿಸಬಹುದು. ನಮ್ಮ ದೇಶದಲ್ಲಿ ಇದರ ಹೆಸರು ಮೊದಲು ದೊಡ್ಡದಾಗಿ ಕೇಳಿಬಂದದ್ದು 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯನ್ನು ಅಮಾನತುಗೊಳಿಸಿದ್ದಕ್ಕೆ ಪ್ರತಿಭಟನೆಯಾಗಿ ಅನೇಕರು ಇತ್ತ ಬಂದಾಗ. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡಾಗ ಜಗತ್ತಿನಾದ್ಯಂತ ಅದಕ್ಕಿಂತ ದೊಡ್ಡ ಅಲೆ ಬಂತು. ಬಂದವರಲ್ಲಿ ಬಹಳ ಮಂದಿ ಹಿಂತಿರುಗಿದರು ಎಂಬುದೂ ನಿಜ.

ಇದರ ಪರವಾನಗಿ ಎಜಿಪಿಎಲ್. ತಂತ್ರಾಂಶವನ್ನು ತಿದ್ದಿ ಸಾರ್ವಜನಿಕರಿಗಾಗಿ ನಡೆಸುವವರು ತಿದ್ದಿದ ಮೂಲ ಕೋಡನ್ನು ಬಳಕೆದಾರರಿಗೆ ಕೊಡಲೇಬೇಕು ಎನ್ನುವುದು ಅದರ ತಿರುಳು. 2021ರಲ್ಲಿ ಡೊನಾಲ್ಡ್ ಟ್ರಂಪರ ಜಾಲತಾಣ ಟ್ರುತ್ ಸೋಶಿಯಲ್ ಇದೇ ಕೋಡನ್ನು ಬಳಸಿಯೂ ಮೂಲವನ್ನು ಪ್ರಕಟಿಸದೆ ಇದ್ದಾಗ ಮಾಸ್ಟೊಡಾನಿನವರು ನೋಟಿಸು ಕೊಟ್ಟರು, ಆ ಮೇಲೆ ಕೋಡ್ ಹೊರಬಂತು. ಅಂದರೆ ಬಳಸುವ ಹಕ್ಕು ಯಾರಿಗೂ ಇದೆ, ನಮಗೆ ಇಷ್ಟವಿಲ್ಲದವರಿಗೂ ಇದೆ. ಅವರ ಜೊತೆ ಮಾತಾಡಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ತೀವ್ರ ಬಲಪಂಥೀಯರ ತಾಣವೆಂದು ಹೆಸರಾದ ಅಮೆರಿಕದ ಗ್ಯಾಬ್ ಜಾಲತಾಣ 2019ರಲ್ಲಿ ಮಾಸ್ಟೊಡಾನ್ ಕೋಡಿಗೆ ಬದಲಾದಾಗ ಅದನ್ನು ತಡೆಯಲು ಯಾರಿಂದಲೂ ಆಗಲಿಲ್ಲ, ಆದರೆ ಬಹುಪಾಲು ಸರ್ವರುಗಳು ತಮ್ಮ ತಮ್ಮ ಬಾಗಿಲು ಹಾಕಿಕೊಂಡವು. ವಿಕೇಂದ್ರೀಕೃತ ವ್ಯವಸ್ಥೆಯಲ್ಲಿ ಮಾಡರೇಶನ್ ಎಂದರೆ ಮೂಲತಃ ಇಷ್ಟೇ: ಯಾರನ್ನೂ ಜಾಲದಿಂದಲೇ ಹೊರಹಾಕುವ ಅಧಿಕಾರ ಯಾರಿಗೂ ಇಲ್ಲ, ತನ್ನ ಅಂಗಳಕ್ಕೆ ಯಾರು ಬರಬೇಕೆಂದು ತೀರ್ಮಾನಿಸುವ ಅಧಿಕಾರ ಪ್ರತಿಯೊಬ್ಬರಿಗೂ ಇದೆ.

ನಮ್ಮ ಬಳಗ ಇದಕ್ಕೆ ಮೊದಲು ವಾಟ್ಸಾಪಿನಲ್ಲಿತ್ತು. ಅಲ್ಲಿ ಒಂದು ಗುಂಪಿಗೆ 1024 ಮಂದಿಯ ಮಿತಿ ಇದೆ ಎಂಬುದು ನಮಗೆ ತೊಂದರೆಯಾಗಲಿಲ್ಲ. ಅಡ್ಮಿನ್ನಿನ ಕೈಯಲ್ಲಿ ಸಂದೇಶ ಅಳಿಸುವುದು ಇಲ್ಲವೇ ಮನುಷ್ಯನನ್ನೇ ಹೊರಹಾಕುವುದು ಎಂಬೆರಡು ಮದ್ದುಗಳನ್ನು ಬಿಟ್ಟರೆ ಬೇರೇನೂ ಇಲ್ಲದಿರುವುದೇ ತೊಂದರೆ. ಒಂದು ಕಟುವಾದ ಮಾತಿಗೆ ಹೊರಹಾಕಿದರೆ ನಾಳೆ ಕುಂಬಳೆ ಪೇಟೆಯಲ್ಲಿ ಅದೇ ಮನುಷ್ಯ ಎದುರಾಗುತ್ತಾನೆ, ನಾಡಿದ್ದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾನೆ. ಎಚ್ಚರಿಕೆಗೂ ಉಚ್ಚಾಟನೆಗೂ ನಡುವೆ ನಾಲ್ಕಾರು ಮೆಟ್ಟಿಲುಗಳಿರುವ ವ್ಯವಸ್ಥೆ ನಮಗೆ ಬೇಕಿತ್ತು.

ಸ್ಥಾಪನೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ರೂಬಿ, ಪೋಸ್ಟ್‌ಗ್ರೆಸ್, ರೆಡಿಸ್, ನೋಡ್ ಎಂಬ ಬೇರೆ ತಂತ್ರಾಂಶಗಳಿಷ್ಟೂ ಒಟ್ಟಿಗೆ ಓಡಬೇಕಾದ ಕಾರಣ ಇದು ಹಗುರವಾದ ತಂತ್ರಾಂಶವಲ್ಲ. ಸಣ್ಣ ಬಳಗಕ್ಕೂ 4 ಜಿಬಿ ರ‍್ಯಾಮ್ ಇರುವ ಸರ್ವರ್ ಇದ್ದರೆ ನೆಮ್ಮದಿ. ಉಬುಂಟುವಿನಲ್ಲೋ ಡೆಬಿಯನ್ನಿನಲ್ಲೋ ಕಮಾಂಡ್ ಬರೆದು ಅಭ್ಯಾಸವಿದ್ದವರಿಗೆ ಅಧಿಕೃತ ಕೈಪಿಡಿ ಸಾಕು. ಈ ವಿಷಯದಲ್ಲಿ ಕೇರಳದ ಕನ್ನಡಿಗರಿಗೆ ಒಂದು ಅನುಕೂಲವಿದೆ: ಇಲ್ಲಿನ ಸರಕಾರಿ ಶಾಲೆಗಳು ಹಿಂದೆ ಐಟಿ@ಸ್ಕೂಲ್ ಮತ್ತು ಈಗ ಕೈಟ್ ಎಂಬ ಸರಕಾರಿ ವ್ಯವಸ್ಥೆಗಳ ಮೂಲಕ ಬಹುಕಾಲದಿಂದ, ಉಬುಂಟು, ಡೆಬಿಯನ್ನುಗಳಿಗೂ ಆಧಾರವಾದ ಗ್ನು ಲಿನಕ್ಸನ್ನೇ ಬಳಸುತ್ತಿರುವುದರಿಂದ, ಕನ್ನಡ ಮಾಧ್ಯಮದ ಅಧ್ಯಾಪಕರಲ್ಲೂ ಕಮಾಂಡ್ ಬರೆಯುವ ಟರ್ಮಿನಲ್ ಕಂಡರೆ ಹೆದರದವರು ಸಿಗುತ್ತಾರೆ. ಸರ್ವರನ್ನು ಮನೆಯಲ್ಲೇ ಇಡುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಮನೆಯ ಸಂಪರ್ಕಕ್ಕೆ ಸಾಮಾನ್ಯವಾಗಿ ಸ್ಥಿರ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಬದಲಾಗದ ವಿಳಾಸ, ಇರುವುದಿಲ್ಲ. ಮಳೆಗಾಲದಲ್ಲಿ ಪೆರ್ಲ, ಬದಿಯಡ್ಕ ಕಡೆ ತಂತಿಯ ಮೇಲೊಂದು ಅಡಿಕೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬಾಡಿಗೆಯ ಸರ್ವರೇ ಸರಿ. ಒಂದೇ ಎಚ್ಚರಿಕೆ, ಸರ್ವರಿನ ವಿಳಾಸವಾಗುವ ಡೊಮೈನ್ ಹೆಸರನ್ನು ಯೋಚಿಸಿ ಆರಿಸಬೇಕು, ಏಕೆಂದರೆ ಒಮ್ಮೆ ಬೇರೆ ಸರ್ವರುಗಳೊಡನೆ ವ್ಯವಹಾರ ಶುರುವಾದ ಮೇಲೆ ಅದನ್ನು ಬದಲಿಸುವಂತಿಲ್ಲ.

ಇನ್ನು ದೂರುಗಳ ಪುಟ. ಯಾವುದೇ ಪೋಸ್ಟಿನ ಮೇಲೆ ಸದಸ್ಯರು ದೂರು ಕೊಟ್ಟಾಗ ಮಾಡರೇಟರಿಗೆ ಕಾಣುವುದು ಆ ಪೋಸ್ಟು, ದೂರಿನ ಬಗೆ, ಯಾವ ನಿಯಮ ಮುರಿದಿದೆಯೆಂದು ದೂರುದಾರರು ಹೇಳುತ್ತಾರೋ ಅದು, ಆ ಖಾತೆಯ ಮೇಲೆ ಹಿಂದೆ ಬಂದ ದೂರುಗಳು ಮತ್ತು ಹಿಂದೆ ಕೈಗೊಂಡ ಕ್ರಮಗಳು. ಮಾಡರೇಟರುಗಳು ಒಬ್ಬರಿಗೊಬ್ಬರು ಟಿಪ್ಪಣಿ ಬರೆದಿಡಬಹುದು. ಯಾರು ಯಾವಾಗ ಏನು ಮಾಡಿದರೆಂಬುದು ದಾಖಲೆ ಪುಸ್ತಕದಲ್ಲಿ ಉಳಿಯುತ್ತದೆ. ಕೈಗೊಳ್ಳಬಹುದಾದ ಕ್ರಮಗಳು ಮೆಟ್ಟಿಲು ಮೆಟ್ಟಿಲಾಗಿವೆ: ಬರೀ ಎಚ್ಚರಿಕೆ, ಚಿತ್ರಕ್ಕೆ ಮುಸುಕು, ಪೋಸ್ಟನ್ನು ಅಳಿಸುವುದು, ಖಾತೆಯನ್ನು ಬಳಸಲಾಗದಂತೆ ಸ್ತಬ್ಧಗೊಳಿಸುವುದು, ಹಿಂಬಾಲಕರಿಗಷ್ಟೇ ಕಾಣುವಂತೆ ಸೀಮಿತಗೊಳಿಸುವುದು, ಕೊನೆಗೆ ಅಮಾನತು. ಅಮಾನತಾದ ಖಾತೆಯ ಮಾಹಿತಿ 30 ದಿನಗಳವರೆಗೆ ಉಳಿದಿರುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ಹಿಂದಕ್ಕೆ ತರಬಹುದು. ಕ್ರಮಕ್ಕೆ ಒಳಗಾದವರು 20 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಪುಕ್ಕಟೆ ಸಿಗುವ ತಂತ್ರಾಂಶವೊಂದರಲ್ಲಿ ಇಷ್ಟು ವಿವೇಚನೆಯಿಂದ ಕಟ್ಟಿದ ವ್ಯವಸ್ಥೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಅದು ಕೆಲಸ ಮಾಡುವ ಬಗೆಗೆ ಒಂದು ಉದಾಹರಣೆ. ನಮ್ಮ ಅರ್ಥಧಾರಿಗಳೊಬ್ಬರು ಗದಾಯುದ್ಧ ಪ್ರಸಂಗದ ತಾಳಮದ್ದಳೆಯಲ್ಲಿ ತಾವು ಹೇಳಿದ ಭೀಮನ ಅರ್ಥದ ನಾಲ್ಕು ಸಾಲುಗಳನ್ನು ಪೋಸ್ಟ್ ಮಾಡಿದ್ದರು. "ಕೊಳದ ನೀರೊಳಗೆ ಅಡಗಿದರೆ ಬಿಟ್ಟೇನೆಂದು ಬಗೆದೆಯಾ? ಈ ಗದೆಯಿಂದ ನಿನ್ನ ತೊಡೆ ಮುರಿಯದೆ ನಾನು ಶಿಬಿರಕ್ಕೆ ಮರಳುವವನಲ್ಲ" ಎಂಬ ಧಾಟಿಯದು. ಯುರೋಪಿನ ಒಂದು ಸರ್ವರಿನಿಂದ ದೂರು ಬಂತು, ಹಿಂಸೆಯ ಬೆದರಿಕೆ ಎಂದು. ಬಹುಶಃ ಯಂತ್ರಾನುವಾದದಲ್ಲಿ ಓದಿರಬೇಕು. ಅರ್ಥಧಾರಿಗಳಿಗೆ ವಿಷಯ ತಿಳಿಸಿದಾಗ ಅವರು, "ಮಾಷ್ಟ್ರೇ, ದೂರು ಕೊಡುವುದಿದ್ದರೆ ದುರ್ಯೋಧನ ಕೊಡಬೇಕಿತ್ತು" ಎಂದರು. ತಮಾಷೆಯ ಆಚೆಗೆ ಇಲ್ಲಿ ಗಮನಿಸಬೇಕಾದ ಅಂಶಗಳಿವೆ. ದೊಡ್ಡ ಕಂಪೆನಿಯ ಜಾಲತಾಣವಾಗಿದ್ದರೆ ಈ ದೂರನ್ನು ಮೊದಲು ನೋಡುವುದು ಯಂತ್ರ, ಆಮೇಲೆ ನೋಡಿದರೆ ಯಕ್ಷಗಾನದ ಹೆಸರು ಕೇಳದ ಯಾರೋ ಒಬ್ಬ ನೌಕರ. ಇಲ್ಲಿ ನೋಡಿದವರು ಹತ್ತಾರು ಆಟಕೂಟಗಳನ್ನು ಕಂಡವರು; ದೂರನ್ನು ಮುಗಿಸಲು ನಿಮಿಷವೂ ಬೇಕಾಗಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಬಳಗಕ್ಕೆ ಸ್ವಂತ ಸರ್ವರ್ ಏಕೆ ಬೇಕೆಂದು ಕೇಳಿದವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಆದರೆ ಇದೇ ಪ್ರಕರಣ ತಂತ್ರಾಂಶದ ಒಂದು ಕೊರತೆಯನ್ನೂ ತೋರಿಸಿತು. ಸರ್ವರಿನಿಂದ ಸರ್ವರಿಗೆ ರವಾನೆಯಾಗುವ ದೂರಿನಲ್ಲಿ ದೂರುದಾರರ ಹೆಸರಿರುವುದಿಲ್ಲ, ಅವರ ಸರ್ವರಿನ ಹೆಸರು ಮಾತ್ರ ಇರುತ್ತದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸುವುದಕ್ಕೆ ಅವಕಾಶವಾಗಬಾರದೆಂಬ ಈ ಏರ್ಪಾಡು ಸರಿಯಾದದ್ದೇ. ಆದರೆ ದೂರಿಗೆ ಉತ್ತರ ಕೊಡುವ ದಾರಿಯೂ ಇಲ್ಲ. ನಾವು ದೂರನ್ನು ಪರಿಶೀಲಿಸಿ ಮುಗಿಸಿದೆವೋ, ನಿರ್ಲಕ್ಷಿಸಿದೆವೋ ಎಂಬುದು ಅತ್ತಲಿನ ಮಾಡರೇಟರಿಗೆ ತಿಳಿಯುವುದೇ ಇಲ್ಲ. ಬೆದರಿಕೆಗಳನ್ನು ಸಹಿಸುವ ಸರ್ವರ್ ಎಂದು ಅವರು ನಮ್ಮನ್ನು ಪೂರ್ತಿಯಾಗಿ ತಡೆದುಬಿಟ್ಟರೆ, ಅವರ ಸದಸ್ಯರಿಗೂ ನಮ್ಮ ಸದಸ್ಯರಿಗೂ ಇದ್ದ ಸಂಬಂಧಗಳೆಲ್ಲ ಒಂದೇ ಏಟಿಗೆ ಕಡಿದುಹೋಗುತ್ತವೆ. ಹೀಗೆ ಕಡಿದಾಗ ಸದಸ್ಯರಿಗೆ ಸೂಚನೆ ಕೊಡುವ ಸೌಲಭ್ಯ 2024ರ 4.3ನೇ ಆವೃತ್ತಿಯಲ್ಲಷ್ಟೇ ಬಂತು. ಅದೂ ತಡೆ ಹಾಕಿದ ಕಡೆಯ ಸದಸ್ಯರಿಗೆ. ಕೊನೆಗೆ ಆ ಸರ್ವರಿನ ನಿರ್ವಾಹಕರಿಗೆ ಇಮೇಲ್ ಬರೆದು, ಮಹಾಭಾರತ ಎಂಬುದೊಂದಿದೆ, ಅದರಲ್ಲಿ ಹದಿನೆಂಟನೆಯ ದಿನ ಹೀಗೊಂದು ಸಂದರ್ಭವಿದೆ ಎಂದು ವಿವರಿಸಬೇಕಾಯಿತು. ಅವರು ಸಜ್ಜನರು, ಒಪ್ಪಿಕೊಂಡರು.

ಒಳಗಿನ ಜಗಳಗಳು ಇದಕ್ಕಿಂತ ಕಷ್ಟದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರ ಮನಸ್ಸಿನಲ್ಲಿ ಒಂದು ನೋವಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ನೇಮಿಸಿದ ಸುದ್ದಿ ಬಂದಾಗಲೆಲ್ಲ ನಮ್ಮ ಸರ್ವರಿನಲ್ಲಿ ಬಿಸಿ ಏರುತ್ತದೆ. ನೇಮಕಾತಿಯನ್ನು, ಇಲಾಖೆಯನ್ನು, ಸರಕಾರವನ್ನು ಎಷ್ಟು ಖಾರವಾಗಿ ಟೀಕಿಸಿದರೂ ನಾವು ಮುಟ್ಟುವುದಿಲ್ಲ. ಅದೇ ಉಸಿರಿನಲ್ಲಿ ಮಲಯಾಳಂ ಮಾತಾಡುವವರನ್ನೆಲ್ಲ ಸೇರಿಸಿ ಹೀಯಾಳಿಸಿದರೆ ಪೋಸ್ಟನ್ನು ಅಳಿಸಿ ಎಚ್ಚರಿಕೆ ಕೊಡುತ್ತೇವೆ. ನಮ್ಮ ಸದಸ್ಯರಲ್ಲೇ ಮನೆಯಲ್ಲಿ ಮಲಯಾಳಂ, ಬ್ಯಾರಿ, ತುಳು, ಕೊಂಕಣಿ, ಮರಾಠಿ ಮಾತಾಡಿ ಕನ್ನಡದಲ್ಲಿ ಬರೆಯುವವರಿದ್ದಾರೆ ಎಂಬುದು ಬಿಸಿಯಲ್ಲಿದ್ದವರಿಗೆ ಮರೆತುಹೋಗುತ್ತದೆ. ಹೀಗೆ ಎಚ್ಚರಿಕೆ ಪಡೆದವರೊಬ್ಬರು ಮೇಲ್ಮನವಿ ಸಲ್ಲಿಸಿದಾಗ, ಮೊದಲು ತೀರ್ಮಾನಿಸಿದ ಮಾಡರೇಟರನ್ನು ಬಿಟ್ಟು ಬೇರೊಬ್ಬರು ನೋಡಬೇಕೆಂಬ ರೂಢಿಯನ್ನು ನಾವು ಮಾಡಿಕೊಂಡೆವು. ತಂತ್ರಾಂಶ ಅದನ್ನು ಕಡ್ಡಾಯಗೊಳಿಸುವುದಿಲ್ಲ: ಶಿಕ್ಷೆ ಕೊಟ್ಟವರೇ ಮೇಲ್ಮನವಿಯನ್ನೂ ತಳ್ಳಿಹಾಕಬಹುದು. ಇಷ್ಟು ಚೆನ್ನಾಗಿ ಮೆಟ್ಟಿಲು ಕಟ್ಟಿದವರು ಇಲ್ಲೊಂದು ಚಿಲಕ ಹಾಕದೆ ಬಿಟ್ಟದ್ದು ನನಗೆ ಅರ್ಥವಾಗದ ಸಂಗತಿ.

ತುಳುವನ್ನೋ ಹವ್ಯಕವನ್ನೋ ಕನ್ನಡ ಲಿಪಿಯಲ್ಲಿ ಬರೆಯುವವರು ನಮ್ಮಲ್ಲಿ ಬಹಳ. ಪೋಸ್ಟಿನ ಭಾಷೆ ಯಾವುದೆಂದು ಬರೆಯುವವರೇ ಗುರುತಿಸಬೇಕು, ಹೆಚ್ಚಿನವರು ಗುರುತಿಸುವುದಿಲ್ಲ; ಹಾಗಾಗಿ ಭಾಷೆಯ ಪ್ರಕಾರ ಸೋಸಿ ನೋಡುವ ಸೌಲಭ್ಯದಿಂದ ನಮಗೆ ಉಪಯೋಗ ಕಡಿಮೆ. ಬ್ಯಾರಿ ಭಾಷೆಯ ಪೋಸ್ಟಿನ ಮೇಲೆ ದೂರು ಬಂದರೆ ಉಪ್ಪಳದ ಮಾಡರೇಟರು ನೋಡುತ್ತಾರೆ, ಹವ್ಯಕದ್ದಾದರೆ ನೀರ್ಚಾಲಿನವರು. ಈ ಹಂಚಿಕೆಯನ್ನು ದೂರಿನ ಪುಟದಲ್ಲಿರುವ 'ನನಗೆ ವಹಿಸಿ' ಎಂಬರ್ಥದ ಗುಂಡಿಯಿಂದ ಮಾಡಿಕೊಳ್ಳುತ್ತೇವೆ. ಕನ್ನಡದ ಹ್ಯಾಶ್‌ಟ್ಯಾಗುಗಳು ಒತ್ತಕ್ಷರದಲ್ಲಿ ತುಂಡಾಗದೆ ಸರಿಯಾಗಿ ಕೆಲಸ ಮಾಡುತ್ತವೆ, ಅದು ಸಂತೋಷ. ಬಳಕೆಯ ಪುಟಗಳ ಕನ್ನಡ ಅನುವಾದ ಮಾತ್ರ ಅಪೂರ್ಣ. ಹಿರಿಯರು ಇಂಗ್ಲಿಷ್ ಗುಂಡಿಗಳನ್ನೇ ಒತ್ತಬೇಕು. ಮುಕ್ತ ತಂತ್ರಾಂಶದಲ್ಲಿ ಈ ಬಗೆಯ ದೂರನ್ನು ಹೇಳುವವರೇ ಅನುವಾದಕ್ಕೂ ಕೂರಬೇಕಾಗುತ್ತದೆಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೊರತೆಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಂಡದ್ದು, ನಮ್ಮ ಸರ್ವರಿನವರಿಗೆ ಮಾತ್ರ ಕಾಣುವಂತೆ ಬರೆಯುವ ಅವಕಾಶ ಇಲ್ಲದಿರುವುದು. ಊರಿನ ಕೂಟದ ಖರ್ಚಿನ ಲೆಕ್ಕ, ಮನೆಯೊಳಗಿನ ಚರ್ಚೆ ಇಂಥವನ್ನು ಜಗತ್ತಿಗೆಲ್ಲ ತೋರಿಸಬೇಕಾಗಿಲ್ಲ. ಮಾಸ್ಟೊಡಾನಿನಿಂದಲೇ ಕವಲೊಡೆದ ಹೋಮ್‌ಟೌನ್ ಮತ್ತು ಗ್ಲಿಚ್-ಸೋಕ್ ಎಂಬ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ, ಮೂಲದಲ್ಲಿಲ್ಲ. 500 ಅಕ್ಷರಗಳ ಮಿತಿಯನ್ನು ಹೆಚ್ಚಿಸಲೂ ಕೋಡನ್ನೇ ತಿದ್ದಬೇಕು. ಅರ್ಥಗಾರಿಕೆಯವರಿಗೆ ಆ ಮಿತಿ ಪೀಠಿಕೆಗೂ ಸಾಲದು. ನಿರ್ದಿಷ್ಟ ಬೈಗುಳ ಇರುವ ಪೋಸ್ಟುಗಳನ್ನು ಇಡೀ ಸರ್ವರಿಗೆ ಅನ್ವಯವಾಗುವಂತೆ ತಡೆಹಿಡಿಯುವ ಸೋಸುಕವೂ ಇಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಲ್ಲಿ ಹಾಕಿಕೊಳ್ಳಬೇಕು. ಖಾಸಗಿ ಎಂದು ಕಾಣುವ ಸಂದೇಶಗಳಿಗೆ ಆದ್ಯಂತ ಗೂಢಲಿಪಿಯ ರಕ್ಷಣೆ ಇಲ್ಲದ ಕಾರಣ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ನಾವು ಇದನ್ನು ಸದಸ್ಯರಾಗುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಬ್ಯಾಂಕಿನ ವಿವರವನ್ನೋ ಕಾಯಿಲೆಯ ವರದಿಯನ್ನೋ ಇಲ್ಲಿ ಕಳಿಸಬೇಡಿ ಎನ್ನುತ್ತೇವೆ.

ಡಿಸ್ಕಿನ ವಿಚಾರ ಹೊಸಬರಿಗೆ ಗೊತ್ತಿರುವುದಿಲ್ಲ. ನಮ್ಮ ಸದಸ್ಯರು ಹಿಂಬಾಲಿಸುವ ಹೊರಗಿನವರು ಹಾಕುವ ಪ್ರತಿಯೊಂದು ಚಿತ್ರದ ನಕಲನ್ನೂ ನಮ್ಮ ಸರ್ವರ್ ತಂದಿಟ್ಟುಕೊಳ್ಳುತ್ತದೆ. ಮಳೆಗಾಲದ ಅಂಗಳದಲ್ಲಿ ಪಾಚಿ ಕಟ್ಟುವ ಹಾಗೆ ಅದು ಸದ್ದಿಲ್ಲದೆ ಬೆಳೆಯುತ್ತದೆ. ಇಷ್ಟು ದಿನಗಳ ಮೇಲೆ ಅಳಿಸು ಎಂದು ನಿರ್ವಾಹಕರ ಪುಟದಲ್ಲಿ ಸೂಚಿಸಬಹುದು, ಇಲ್ಲವೇ ಟೂಟ್‌ಸಿಟಿಎಲ್ ಎಂಬ ಕಮಾಂಡಿನಿಂದ ಗುಡಿಸಬಹುದು. ಜಾಗಕ್ಕಿಂತ ಗಂಭೀರವಾದದ್ದು, ಹೊರಗಿನ ಕಾನೂನುಬಾಹಿರ ಚಿತ್ರವೂ ಹೀಗೆಯೇ ನಮ್ಮ ಡಿಸ್ಕಿಗೆ ಬಂದು ಕೂರಬಹುದೆಂಬ ಸಂಗತಿ. ಸ್ಟ್ಯಾನ್‌ಫರ್ಡ್ ಇಂಟರ್ನೆಟ್ ಅಬ್ಸರ್ವೇಟರಿ ಎಂಬ ಸಂಶೋಧನಾ ಕೇಂದ್ರ 2023ರಲ್ಲಿ ಇಂಥ ಸರ್ವರುಗಳ ಸಾರ್ವಜನಿಕ ಪೋಸ್ಟುಗಳನ್ನು ಎರಡು ದಿನ ಪರಿಶೀಲಿಸಿ, ಮಕ್ಕಳ ಲೈಂಗಿಕ ಶೋಷಣೆಯ ಮೊದಲೇ ಗುರುತಿಸಲ್ಪಟ್ಟ ಚಿತ್ರಗಳು 112 ಕಡೆ ಸಿಕ್ಕಿದವೆಂದು ವರದಿ ಮಾಡಿತು. ದೊಡ್ಡ ಕಂಪೆನಿಗಳ ಬಳಿ ಅದನ್ನು ಹಿಡಿಯುವ ಯಂತ್ರಗಳಿವೆ, ಮಾಸ್ಟೊಡಾನಿನೊಳಗೆ ಅಂಥದ್ದಿಲ್ಲ. ಆದ್ದರಿಂದ ಕುಖ್ಯಾತ ಸರ್ವರುಗಳ ತಡೆಪಟ್ಟಿಯನ್ನು ಮೊದಲ ದಿನವೇ ಹಾಕಿಕೊಳ್ಳುವುದನ್ನು ನಾನು ಐಚ್ಛಿಕ ಎಂದು ಹೇಳಲಾರೆ. ಪಟ್ಟಿಯನ್ನು ಕಡತವಾಗಿ ಒಮ್ಮೆಗೇ ಸೇರಿಸುವ ಸೌಲಭ್ಯವಿದೆ. ಆದರೆ ಯಾರೋ ಮಾಡಿದ ಪಟ್ಟಿಯನ್ನು ಓದದೆ ಸೇರಿಸಿದರೆ ಅವರ ಜಗಳಗಳೂ ಜೊತೆಗೆ ಬರುತ್ತವೆ.

ಸದಸ್ಯತ್ವವನ್ನು ಬಾಗಿಲು ತೆರೆದಿಟ್ಟು ಕೊಡಬಾರದು. 2024ರ ಫೆಬ್ರವರಿಯಲ್ಲಿ ಯಾರೂ ಗಮನಿಸದೆ ಬಿಟ್ಟಿದ್ದ ಸಣ್ಣ ಸಣ್ಣ ಸರ್ವರುಗಳಲ್ಲಿ ಯಂತ್ರಗಳಿಂದ ಖಾತೆ ತೆರೆದು ಇಡೀ ಜಾಲಕ್ಕೆ ಕಸದ ಸಂದೇಶಗಳನ್ನು ಸುರಿದ ದಾಳಿ ನಡೆಯಿತು. ಅದಾದ ಮೇಲೆ ಮಾಸ್ಟೊಡಾನಿನವರು, ಮಾಡರೇಟರುಗಳ ಸುಳಿವಿಲ್ಲದ ಸರ್ವರಿನಲ್ಲಿ ಮುಕ್ತ ನೋಂದಣಿ ತಾನಾಗಿ ಒಪ್ಪಿಗೆಯ ನೋಂದಣಿಯಾಗಿ ಬದಲಾಗುವಂತೆ ಮಾಡಿದರು. ನಮ್ಮಲ್ಲಿ ಅರ್ಜಿದಾರರು ತಮ್ಮ ಬಗ್ಗೆ ಎರಡು ಸಾಲು ಬರೆಯಬೇಕು. ಯಾವ ಊರು, ಯಾರ ಪೈಕಿ ಎಂದು ತಾವಾಗಿಯೇ ಬರೆದುಬಿಡುತ್ತಾರೆ. ನಾವು ಕೇಳುವುದು ಅಷ್ಟನ್ನಲ್ಲ. ಸುರಕ್ಷತೆಯ ಪರಿಷ್ಕರಣೆ ಬಂದ ದಿನವೇ ಹಾಕಬೇಕೆಂಬುದನ್ನೂ ಇಲ್ಲೇ ಹೇಳಬೇಕು. 2023ರ ಜುಲೈಯಲ್ಲಿ ಪ್ರಕಟವಾದ, ವಿಶೇಷವಾಗಿ ರಚಿಸಿದ ಒಂದು ಮಾಧ್ಯಮ ಕಡತದ ಮೂಲಕ ಸರ್ವರಿನ ಒಳಗೇ ನುಗ್ಗಬಹುದಾಗಿದ್ದ ದೋಷವನ್ನು ಕಂಡುಹಿಡಿದದ್ದು ಮೊಜಿಲ್ಲಾ ಪ್ರಾಯೋಜಿತ ತಪಾಸಣೆ. ಹಬ್ಬವಿರಲಿ, ಕೊಯ್ಲಿರಲಿ, ಅಂಥ ದಿನ ಒಬ್ಬರು ಕಂಪ್ಯೂಟರಿನ ಮುಂದೆ ಇರಲೇಬೇಕು.

ಕಾನೂನಿನ ದೃಷ್ಟಿಯಿಂದ ನಾವೂ ಮಧ್ಯವರ್ತಿಗಳೇ, ಅಂದರೆ ಬೇರೆಯವರ ಬರಹಕ್ಕೆ ಜಾಗ ಕೊಡುವವರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆ (ಸದಸ್ಯರ ಬರಹಕ್ಕೆ ನಾವು ಹೊಣೆಯಾಗದಂತೆ) ಬೇಕಿದ್ದರೆ 2021ರ ನಿಯಮಗಳ ಪ್ರಕಾರ ದೂರು ಸ್ವೀಕರಿಸುವ ಅಧಿಕಾರಿಯ ಹೆಸರನ್ನೂ ಸಂಪರ್ಕವನ್ನೂ ಪ್ರಕಟಿಸಬೇಕು, ಗಡುವಿನೊಳಗೆ ಉತ್ತರಿಸಬೇಕು. ಹೆಚ್ಚುವರಿ ಹೊಣೆಗಳು 50 ಲಕ್ಷ ಬಳಕೆದಾರರಿಗೂ ಮೇಲ್ಪಟ್ಟ ಜಾಲತಾಣಗಳಿಗೆ, ನಮಗಲ್ಲ. ಸರ್ವರಿನ ಪರಿಚಯ ಪುಟದಲ್ಲಿ ಈ ವಿವರಗಳಿಗೂ ನಿಯಮಾವಳಿಗೂ ಜಾಗವಿದೆ.

ಇಷ್ಟೆಲ್ಲ ಭಾರ ಬೇಡವೆನ್ನುವ, ಹತ್ತಿಪ್ಪತ್ತು ಮಂದಿಯಷ್ಟೇ ಇರುವ ಬಳಗದವರು ಗೋಟುಸೋಶಿಯಲ್ ಎಂಬ ಹಗುರ ತಂತ್ರಾಂಶವನ್ನು ನೋಡಬಹುದು. ಅದು ಸಣ್ಣ ಸರ್ವರಿನಲ್ಲೂ ಓಡುತ್ತದೆ, ಮಾಸ್ಟೊಡಾನ್ ಸರ್ವರುಗಳೊಡನೆ ಮಾತಾಡುತ್ತದೆ; ಬರೆಯಲು ಮಾತ್ರ ಬೇರೆ ಆ್ಯಪ್ ಬೇಕು. ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತೇನೆಂದು ಹೊರಡುವವರಿಗೆ ನಾನು ಮಾಸ್ಟೊಡಾನನ್ನು ಶಿಫಾರಸು ಮಾಡುವುದಿಲ್ಲ. ಬೇರೆ ಬೇರೆ ಭಾಷೆ ಬಲ್ಲ, ಪರಸ್ಪರ ಭಿನ್ನಾಭಿಪ್ರಾಯ ಹೇಳಲು ಹಿಂಜರಿಯದ ಮೂವರಾದರೂ ಮಾಡರೇಟರುಗಳು ಇರುವ ಬಳಗಕ್ಕೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಸದಸ್ಯರ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ, ಸರ್ವರ್ ನಿಂತುಹೋದರೆ ಗತಿಯೇನು ಎಂಬುದು. ಬೇರೆ ಸರ್ವರಿಗೆ ಹೋಗುವವರು ತಮ್ಮ ಹಿಂಬಾಲಕರನ್ನು ಕರೆದೊಯ್ಯಬಹುದು, ಹಳೆಯ ಪೋಸ್ಟುಗಳು ಮಾತ್ರ ಜೊತೆಗೆ ಹೋಗುವುದಿಲ್ಲ; ಅವುಗಳ ಪ್ರತಿಯನ್ನು ಇಳಿಸಿಕೊಂಡು ಇಟ್ಟುಕೊಳ್ಳಬೇಕು. ಮಾಸ್ಟೊಡಾನಿನ ಅಧಿಕೃತ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕಾದ ಸರ್ವರುಗಳು 2019ರಿಂದ ಒಂದು ಕರಾರಿಗೆ ಒಪ್ಪಬೇಕಾಗುತ್ತದೆ: ಜನಾಂಗದ್ವೇಷದಂಥವುಗಳ ವಿರುದ್ಧ ಸಕ್ರಿಯ ಮಾಡರೇಶನ್, ದಿನನಿತ್ಯದ ಬ್ಯಾಕಪ್, ತುರ್ತಿನಲ್ಲಿ ಸರ್ವರನ್ನು ತೆರೆಯಬಲ್ಲ ಇನ್ನೊಬ್ಬ ವ್ಯಕ್ತಿ, ಮುಚ್ಚುವುದಿದ್ದರೆ ಮೂರು ತಿಂಗಳ ಮುನ್ಸೂಚನೆ. ಆ ಪಟ್ಟಿಗೆ ಸೇರುವ ಉದ್ದೇಶ ನಮಗಿಲ್ಲ, ಕರಾರನ್ನು ಮಾತ್ರ ನಮ್ಮ ನಿಯಮಾವಳಿಯಲ್ಲಿ ಸೇರಿಸಿಕೊಂಡಿದ್ದೇವೆ. ಪಾಸ್‌ವರ್ಡುಗಳ ಒಂದು ಪ್ರತಿ ಮುಳ್ಳೇರಿಯದಲ್ಲಿದೆ, ಬ್ಯಾಕಪ್ಪಿನಿಂದ ಸರ್ವರನ್ನು ಮರಳಿ ಎಬ್ಬಿಸುವ ಅಭ್ಯಾಸವನ್ನು ರಜೆಯಲ್ಲಿ ಊರಿಗೆ ಬರುವ ಹುಡುಗರ ಕೈಯಲ್ಲಿ ಮಾಡಿಸುತ್ತೇವೆ.